ತಳದಿಂದ ಬರೆದ ಪಟ್ಟಿ

ವರ್ಷದ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಹಳೇ ಸೀರೆ ಹಾಸಿಕೊಂಡು, ಜಜ್ಜಿದ ಹಣ್ಣಿನಿಂದ ಬೀಜ ಒಂದು ಕಡೆ, ನಾರು ಒಂದು ಕಡೆ. ಎರಡೂ ಕೈ ಅಂಟು. ಫೋನು ರಿಂಗಾದಾಗ ಕಿರುಬೆರಳಿನ ಗೆಣ್ಣಿನಿಂದ ಒತ್ತಿ, ನೆಲದ ಮೇಲೇ ಬಿಟ್ಟು, ಬಗ್ಗಿ ಮಾತಾಡಿದೆ. ಬಾಲಾನಗರದ ಕಾರ್ಖಾನೆಯಿಂದ ನಮ್ಮವರು. ಮಧ್ಯಾಹ್ನದ ಹೊತ್ತಿಗೆ ಅವರು ಫೋನು ಮಾಡುವವರಲ್ಲ.

“ಬಂತು,” ಅಂದರು.

“ಏನು ಬಂತು?”

“ಎಣ್ಣಿ ಬಂತು ಮಾರಾಯ್ತಿ! ಕಾಕಾನ ಬಾವಿ. ಈ ತುದಿಯಿಂದ ಆ ತುದೀತನಕ ಸಮ ಹರಿಯಾಕತ್ತೈತಂತ. ನೀರು ನುಗ್ಗಿಲ್ಲ. ಈಗ ಆಫೀಸಿಗೆ ಸುದ್ದಿ ಬಂತು.”

“ದತ್ತಪ್ಪಾ,” ಅಂದೆ. ದೇವರ ಫೋಟೋ ಕಡೆ ಅಂಟು ಕೈಯನ್ನೇ ಮುಗಿದೆ.

“ಇನ್ನೊಂದು ಕೇಳು. ದೊಡ್ಡ ಸಾಹೇಬರ ಮುಂದ ಎಲ್ಲಾ ಹೇಳಿಬಿಟ್ಟೆ. ಆ ಪಟ್ಟಿ ಬರೆದದ್ದು ಯಾರು ಅಂತ.”

“ಅಯ್ಯ! ಏನಂದ್ರು?”

“‘ಪೈಲೇಚ್ ಬೋಲ್ನಾ ಥಾ ನಾ’ ಅಂದ್ರು, ಮೊದಲೇ ಹೇಳಬೇಕಿತ್ತಲ್ಲ ಅಂತ. ಆಮ್ಯಾಲ ಕೆಲಸ ನೋಡು ಹೋಗು ಅಂದ್ರು. ಅಷ್ಟ. ಇನ್ನ ನೀ ಕಾಕುಗ ಹೇಳಬಹುದು.”

ಫೋನು ಇಟ್ಟಮೇಲೆ ಬಿಡಿಸಿದ ಹಣ್ಣನ್ನು ಸೀರೆಯ ಅಂಚಿನಿಂದ ಮುಚ್ಚಿದೆ. ಕಾಕಾ ಇದನ್ನು ಕೇಳಲಿಕ್ಕೆ ಇರಲಿಲ್ಲ. ಕಾರ್ತಿಕದಲ್ಲಿ ಹೋದರು. ತಲೆ ನೆಟ್ಟಗಿಲ್ಲದೆ ಕೊನೆಗೊಂದು ಬಾವಿ ಕೆಡಿಸಿ ಹೋದ ಮುದುಕ ಅಂತ ಕಾರ್ಖಾನೆಯಲ್ಲಿ ಆಡಿಕೊಂಡರು. ಹೊರಗಿನವರು ಆಡಿಕೊಂಡರೆ ಹೋಗಲಿ ಅನ್ನಬಹುದು. ಅವರ ಹೆಂಡತಿ, ನಾನು ಕಾಕು ಅನ್ನುವವರು, ಅವರೂ ಅದನ್ನೇ ನಂಬಿದ್ದರು. ಹಂಗಲ್ಲ ಅಂತ ಗೊತ್ತಿದ್ದವರು ನಾವು ಗಂಡ ಹೆಂಡತಿ ಇಬ್ಬರೇ. ಬಾಯಿಗೆ ಬೀಗ ಹಾಕಿದವರು ಸ್ವತಃ ಕಾಕಾ.

ಅವರು ನಮಗೆ ರಕ್ತಸಂಬಂಧಿ ಏನಲ್ಲ. ಇಂಡಿ ಕಡೆಯವರು, ನಾವೂ ಅದೇ ಸೀಮೆಯವರು. ಹೈದರಾಬಾದಿನಲ್ಲಿ ಕಾಕಾ ಆಗಲಿಕ್ಕೆ ಅಷ್ಟು ಸಾಕು. ನಮ್ಮವರು ತಪಾಸಣೆ ಕೆಲಸ ನೋಡುವ, ಎಣ್ಣೆ ಬಾವಿಯ ಪೈಪು ತಯಾರಿಸುವ ಕಾರ್ಖಾನೆಯಲ್ಲಿ ಅವರು ಹಿರಿಯ ಫಿಟ್ಟರ್. ನಿವೃತ್ತಿ ಆದರೂ ಬಿಡದೆ ಇಟ್ಟುಕೊಂಡಿದ್ದರು. ಅಲ್ಲಿಯ ಕೆಲಸಗಾರರು ತೆಲುಗಿನಲ್ಲಿ ‘ಪೆದ್ದಾಯನ’ ಅನ್ನುತ್ತಿದ್ದರು, ಹಿರಿಯರು ಅಂತ. ಸಣ್ಣ ಆಳು, ಶರ್ಟಿನ ಮೇಲಿನ ಗುಂಡಿ ಯಾವಾಗಲೂ ಹಾಕಿರಬೇಕು. ಮನೆಗೆ ಬಂದರೆ ಹೊಸ್ತಿಲ ಆಚೆ ನಿಲ್ಲುವರು. ಮೂರು ಸಲ ಬರ್ರಿ ಅಂದಮೇಲೆ ಒಳಗೆ ಬರುವರು. ನಾಲ್ಕನೇ ಸಲ ಅನ್ನಿಸಿಕೊಂಡದ್ದೂ ಇಲ್ಲ, ಎರಡನೇ ಸಲಕ್ಕೆ ಬಂದದ್ದೂ ಇಲ್ಲ.

ಕಿಸೆಯಲ್ಲಿ ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಉಕ್ಕಿನ ಕಡ್ಡಿಗಳು. ಸೂಜಿಯಷ್ಟು ಸಣ್ಣದರಿಂದ ಹಿಡಿದು ಬೆರಳಿನಷ್ಟು ದಪ್ಪದ್ದರ ತನಕ. ತೂತು ಎಲ್ಲಿ ಕಂಡರೂ ಕಡ್ಡಿ ತೂರಿಸಿ ನೋಡಬೇಕು. ನನ್ನ ಚಕ್ಕುಲಿ ಒರಳಿನ ಬಿಲ್ಲೆ ತಗೊಂಡು ಬಿಸಿಲಿಗೆ ಹಿಡಿದು, “ಯವ್ವಾ, ಇದರಾಗಿನ ತೂತು ಒಂದಕ್ಕೊಂದು ತಾಳ ಇಲ್ಲ. ಈ ಮೂಲಿ ಚಕ್ಕುಲಿ ದಪ್ಪ ಬರ್ತಾವೋ ಇಲ್ಲೋ?” ಅಂದರು.

“ಬರ್ತಾವು ಕಾಕಾ. ತಿನ್ನೋ ಮುಂದ ಯಾರು ನೋಡ್ತಾರ?”

“ನೋಡೋದಿಲ್ಲ. ಆದ್ರ ಸಣ್ಣವು ಕರ್ರಗ ಆಗಿರ್ತಾವು, ದಪ್ಪನವು ಹಸಿ ಉಳದಿರ್ತಾವು.”

ಖರೆ ಇತ್ತು. ಇಪ್ಪತ್ತು ವರ್ಷ ಚಕ್ಕುಲಿ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ. ಎಣ್ಣೆಯ ಕಾವು ಸರಿ ಇಲ್ಲ ಅಂತ ಪ್ರತಿ ಸಲ ಒಲೆಯನ್ನೇ ಬೈಯುತ್ತಿದ್ದೆ.

ದೇವರು ದಿಂಡರು ಅವರಿಗೆ ಅಷ್ಟಕ್ಕಷ್ಟೇ. ನಾನು ಗುರುವಾರ ಒಪ್ಪತ್ತು ಮಾಡುವವಳು. ದತ್ತಪ್ಪನ ಫೋಟೋ ಕಡೆ ಕೈ ಮಾಡಿ, “ನಿಮ್ಮಪ್ಪಗ ಮೂರು ತಲಿ ಅದಾವು, ನಡೀತೈತಿ. ನನಗ ಇರೋದು ಒಂದ ತಲಿ, ಅದಕ್ಕ ಕಡ್ಡಿ ಇಟ್ಕೊಂಡೀನಿ,” ಅನ್ನುವರು. ಆದರೆ ಪ್ರಸಾದ ಎರಡೂ ಕೈ ಒಡ್ಡಿ ತಗೊಳ್ಳುವರು, ಒಂದು ಅಗುಳೂ ಕೆಳಗೆ ಬಿಡುತ್ತಿರಲಿಲ್ಲ. ಇವರು ನಾಸ್ತಿಕರು ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ.

ಅವರು ಮಾಡುವ ಕೆಲಸ ಏನು ಅಂತ ನನಗೆ ತಿಳಿದದ್ದು ಊಟದ ಪಂಕ್ತಿಯಲ್ಲಿ. ದತ್ತ ಜಯಂತಿ ದಿನ ನಮ್ಮ ಮಾಳಿಗೆ ಮೇಲೆ ಮೂವತ್ತು ಎಲೆ ಹಾಕಿದ್ದೆವು. ಬಡಿಸುವವರು ಬಾಗಿಲ ಹತ್ತಿರದ ಎಲೆಗಳಿಗೆ ಹುಗ್ಗಿ ಸೌಟುಗಟ್ಟಲೆ ಸುರಿದು, ಆ ತುದಿ ಮುಟ್ಟುವ ಹೊತ್ತಿಗೆ ತಳ ಕೆರೆಯುತ್ತಿದ್ದರು. ಕಾಕಾ ಎದ್ದು ಬಂದರು. ಬಕೆಟ್ಟು ಇಸಕೊಂಡು, “ಯವ್ವಾ, ಒಂದು ಸಣ್ಣ ಸೌಟು, ಒಂದು ದೊಡ್ಡ ಸೌಟು ಕೊಡು,” ಅಂದರು. ಬಾಗಿಲ ಕಡೆಯವರಿಗೆ ಸಣ್ಣದು, ಆಚೆ ತುದಿಯವರಿಗೆ ದೊಡ್ಡದು. ಮೊದಲ ಎಲೆಗೆ ಕೂತವನು ನಮ್ಮ ಅಣ್ಣ, ಆಳು ದೊಡ್ಡದು, ಹಸಿವೂ ದೊಡ್ಡದು.

“ಏನ್ರಿ ಕಾಕಾ, ನಾ ಏನು ಪಾಪ ಮಾಡೀನಿ?”

“ಪಾಪ ಇಲ್ಲ. ನೀವು ಹಿಮ್ಮಡ್ಯಾಗ ಕೂತೀರಿ.”

ಎಲ್ಲರೂ ನಕ್ಕರು. ಆಮೇಲೆ ನೆಲದ ಮೇಲೆ ನೀರಿನಿಂದ ಗೆರೆ ಎಳೆದು ತೋರಿಸಿದರು. ಈಗಿನ ಎಣ್ಣೆ ಬಾವಿ ನಮ್ಮ ಬಾವಿಯಂತೆ ನೆಟ್ಟಗೆ ಇಳಿದು ನಿಲ್ಲುವುದಿಲ್ಲವಂತೆ. ತಳಕ್ಕೆ ಹೋಗಿ, ಕಾಲು ಚಾಚಿದ ಹಾಗೆ ಎಣ್ಣೆ ಇರುವ ಕಲ್ಲಿನೊಳಗೆ ಉದ್ದಕ್ಕೆ ಮಲಗುತ್ತದಂತೆ. ತಿರುವಿನ ಹತ್ತಿರದ್ದು ಹಿಮ್ಮಡಿ, ದೂರದ ತುದಿ ಬೆರಳು. ಹಿಮ್ಮಡಿ ಹತ್ತಿರ ಇದೆ ಅಂತ ಎಲ್ಲ ಅಲ್ಲಿಂದಲೇ ನುಗ್ಗುತ್ತದೆ, ಬೆರಳಿನ ಕಡೆಯದು ಕದಲುವುದೇ ಇಲ್ಲ. ಎಣ್ಣೆಯ ಕೆಳಗೆ ನೀರು ಇರುತ್ತದಲ್ಲ, ಆ ಅವಸರಕ್ಕೆ ಅದೂ ಎದ್ದು ಬರುತ್ತದೆ. ನೀರಿಗೆ ಒಮ್ಮೆ ದಾರಿ ಸಿಕ್ಕರೆ ಮುಗೀತು, ಬಾವಿ ನೀರನ್ನೇ ಎಳೆಯುತ್ತ ಕೂಡುತ್ತದೆ. ಅದಕ್ಕೇ ಪೈಪಿನ ಮೈಗೆ ಸಣ್ಣ ಸಣ್ಣ ಬಾಯಿ ಕೂಡಿಸುತ್ತಾರೆ. ಹಿಮ್ಮಡಿ ಕಡೆ ಚಿಕ್ಕ ಬಾಯಿ, ಬೆರಳ ಕಡೆ ದೊಡ್ಡ ಬಾಯಿ, ನಡುವೆ ನೀರಿನ ಅಂಜಿಕೆ ಇದ್ದಲ್ಲಿ ಮತ್ತೆ ಚಿಕ್ಕದು. ಆ ಬಾಯಿಗಳನ್ನು ಕೂಡಿಸುವವರು ನಮ್ಮ ಕಾಕಾ.

“ಒಂದು ಸಲ ನೆಲದಾಗ ಇಳಿಸಿದ್ರ ಮುಗೀತು ಯವ್ವಾ. ತಗದು ನೋಡಿ ಮತ್ತ ಹಾಕಾಕ ಅದೇನು ನಿನ್ನ ಕುಕ್ಕರ್ ಗ್ಯಾಸ್ಕೆಟ್ ಅಲ್ಲ.”

ನನಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಹುಗ್ಗಿ ಮಾತ್ರ ಕಡೇ ಎಲೆತನಕ ಬಂತು.

ಇನ್ನು ನನ್ನ ತಪ್ಪು ಹೇಳುತ್ತೇನೆ.

ಹೋದ ವರ್ಷ ವೈಶಾಖದಲ್ಲಿ ನಮ್ಮವರು ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ತಲೆ ಉಳಿಯಿತು, ಅದು ದತ್ತಪ್ಪನ ಕೃಪೆ. ಪ್ಲಾಸ್ಟರ್ ಹಾಕಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಆ ವಾರ ಸಮುದ್ರದ ಕಡೆಯ ಒಂದು ಬಾವಿಗೆ ಪೈಪು ಕಳಿಸುವುದಿತ್ತು. ಯಾವ ನಂಬರಿನ ಪೈಪಿನಲ್ಲಿ ಯಾವ ಬಾಯಿ ಅಂತ ಒಂದು ಪಟ್ಟಿ ಲಾರಿಯ ಸಂಗಡ ಹೋಗಬೇಕು, ಅದರ ಪ್ರಕಾರ ಪೈಪಿನ ಮೇಲೆ ಬಣ್ಣದಲ್ಲಿ ನಂಬರು ಬರೆಯಬೇಕು. ಕೊನೇ ಗಳಿಗೆಯಲ್ಲಿ ಕಾಕಾ ಲೆಕ್ಕ ಬದಲಿಸಿ, ತಮ್ಮ ಕೈಯಿಂದ ಒಂದು ಚೀಟಿ ಬರೆದುಕೊಟ್ಟು, ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಊರಿಗೆ ಹೋದರು. ಕಂಪ್ಯೂಟರಿನಲ್ಲಿ ಇದ್ದದ್ದು ಹಳೇ ಲೆಕ್ಕ. ಟೈಪು ಮಾಡುವವಳು ರಜೆ. ನಮ್ಮವರು ಚೀಟಿಯನ್ನು ಮನೆಗೆ ತಂದು, “ಚಂದಾಗಿ ಒಂದು ಕಾಪಿ ಮಾಡಿಕೊಡು, ನಿನ್ನ ಅಕ್ಷರ ಮುತ್ತಿನಂಗ ಅದಾವು,” ಅಂದರು.

ಹೊಗಳಿಕೆಗೆ ಉಬ್ಬಿದೆ. ಕನ್ನಡಕ ಹಾಕಿಕೊಂಡು ಕೂತೆ. ನೋಡಿದರೆ ಕಾಕಾನ ಚೀಟಿಯಲ್ಲಿ ಒಂದನೇ ನಂಬರು ಹಾಳೆಯ ತಳದಲ್ಲಿತ್ತು. ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗಿದ್ದರು. ನಡುವೆ ಬಾಣದ ಗುರುತು ಹಾಕಿ ಕೆಲವನ್ನು ಅದಲುಬದಲು ಮಾಡಿದ್ದರು. ಪಾಪ, ಮುದುಕರು ಗಡಿಬಿಡಿಯಲ್ಲಿ ಹೆಂಗೆಂಗೋ ಬರೆದಿದ್ದಾರೆ ಅಂದುಕೊಂಡೆ. ಯಾರಾದರೂ ತಳದಿಂದ ಬರೆಯುತ್ತಾರೇನು? ರಾಮನಾಮ ಬರೆದರೂ ಮೇಲಿನಿಂದಲೇ ಬರೆಯುತ್ತೇವೆ. ಮೇಲಿನ ಸಾಲನ್ನೇ ಒಂದು ಅಂತ ಮಾಡಿ, ಬಾಣಗಳನ್ನು ಅಂದಾಜಿನ ಮೇಲೆ ನೇರ ಮಾಡಿ, ಸ್ಕೇಲಿನಿಂದ ಗೆರೆ ಹೊಡೆದು, ಮದುವೆಯ ಯಾದಿ ಬರೆದಂತೆ ಬರೆದುಕೊಟ್ಟೆ. ನಮ್ಮವರು ನೋವಿನ ಗುಳಿಗೆ ನುಂಗಿ ತೂಕಡಿಸುತ್ತಿದ್ದರು. ಎಡಗೈಯಿಂದ ಸಹಿ ಹಾಕಿದರು. ಬೆಳಿಗ್ಗೆ ಅದೇ ಪ್ರಕಾರ ನಂಬರು ಬಿತ್ತು, ಲಾರಿ ಹೋಯಿತು.

ಊರಿನಿಂದ ಬಂದ ಕಾಕಾ ಕಾರ್ಖಾನೆಯಲ್ಲಿ ಉಳಿದಿದ್ದ ನಕಲು ನೋಡಿ, ಯಾರ ಅಕ್ಷರ ಅಂತ ಕೇಳಿ, ಸೀದಾ ನಮ್ಮ ಮನೆಗೆ ಬಂದರು. ಆವತ್ತು ಮೂರು ಸಲ ಅಲ್ಲ, ಆರು ಸಲ ಕರೆದರೂ ಒಳಗೆ ಬರಲಿಲ್ಲ.

“ಯವ್ವಾ, ನಾ ಕೊಟ್ಟ ಚೀಟಿ ಎಲ್ಲೈತಿ?”

ನಾನು ಶಾಣ್ಯಾತನ ತೋರಿಸುತ್ತ, “ನೀವು ತಳಗಿಂದ ಬರದಿದ್ರಿ ಕಾಕಾ. ನಾ ಎಲ್ಲಾ ಸರಿ ಮಾಡೀನಿ,” ಅಂದೆ.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

“ಬಾವಿಗೆ ಮೊದಲು ಇಳಿಯೋ ಪೈಪು ಎಲ್ಲಿಗೆ ಹೋಗ್ತೈತಿ ಯವ್ವಾ?” ಸಣ್ಣ ಮಕ್ಕಳಿಗೆ ಕೇಳಿದ ಹಾಗೆ ಕೇಳಿದರು. “ಕಡೀ ತುದಿಗೆ. ಬೆರಳಿಗೆ. ಒಂದನೇ ನಂಬರ್ ಅಂದ್ರ ತಳ. ಅದಕ್ಕ ತಳದಾಗ ಬರದಿದ್ದೆ. ಈಗ ಬೆರಳಿನ ಬಾಯಿ ಹಿಮ್ಮಡಿಗೆ ಬಂತು, ಹಿಮ್ಮಡೀದು ಬೆರಳಿಗೆ ಹೋತು. ಹಂಗ ಇಳಿಸಿದ್ರ ಆ ಬಾವಿ ಬರೇ ನೀರು ಕುಡೀತೈತಿ.”

ನಾನು ಹೊಸ್ತಿಲು ದಾಟಿ ಅವರ ಹತ್ತಿರ ಮೆಟ್ಟಿಲಿಗೆ ಇಳಿದೆ.

“ಚೀಟಿ ಕೊಡು. ಅದೊಂದ ಆಧಾರ.”

ಚೀಟಿ ಎಲ್ಲಿತ್ತು! ಬರೆದು ಮುಗಿಸಿದಮೇಲೆ ಬದನೆಕಾಯಿ ಬಜ್ಜಿ ಕರಿದಿದ್ದೆ. ಎಣ್ಣೆ ಬಸಿಯಲಿ ಅಂತ ತಟ್ಟೆಗೆ ಅದನ್ನೇ ಹಾಸಿದ್ದೆ. ಮರುದಿನವೇ ಕಸದ ಗಾಡಿಗೆ ಹೋಗಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಕಾ ನನ್ನ ಮುಖ ನೋಡಿದರು. ನೋಡಿ, ಏನು ಮಾಡಬೇಕು, ನಕ್ಕುಬಿಟ್ಟರು. “ಎಣ್ಣಿ ಬಾವಿ ಚೀಟಿ, ಎಣ್ಣ್ಯಾಗ ಹೋತು. ಇರಲಿ ಬಿಡು. ನನ್ನ ತಲ್ಯಾಗ ಐತಿ.”

ಅಷ್ಟರಲ್ಲಿ ನಮ್ಮವರು ಹಿಂದಿನಿಂದ ಓಡಿ ಬಂದರು. ಕಾಕಾ ಎದ್ದು ನಿಂತು, ಅವರ ಪ್ಲಾಸ್ಟರಿನ ಮೇಲೆ ಬೆರಳಿಟ್ಟು ಹೇಳಿದರು: “ನೀ ಬಾಯಿ ಬಿಡಬ್ಯಾಡ. ಕಾರ್ಖಾನಿ ಕಾಗದ ಮನಿಗೆ ಒಯ್ದು ಹೆಂಡತಿ ಕಡಿಂದ ಬರಿಸಿದ್ದು ಗೊತ್ತಾದ್ರ ಇವತ್ತ ನಿನ್ನ ಹೊರಗ ಹಾಕ್ತಾರ. ಚೀಟಿ ಬರಿಯೋ ಮುಂದ ನಾನ ತಪ್ಪು ಮಾಡೀನಿ ಅಂತ ಹೇಳ್ತೀನಿ. ನನ್ನ ಏನು ಮಾಡ್ತಾರ? ಮುದುಕ ಅದೀನಿ. ಎಣ್ಣಿ ಬಂದಮ್ಯಾಲ ಯಾರೂ ಸಿಟ್ಟಾಗೂದಿಲ್ಲ. ಬಾವಿ ಬಾಯಿ ತೆರಿಯೋತನಕ ಯಾರ ಮುಂದೂ ಒಂದು ಮಾತು ಬ್ಯಾಡ, ನಮ್ಮಾಕಿ ಮುಂದೂ ಬ್ಯಾಡ. ಆಕಿ ಹೊಟ್ಯಾಗ ಮಾತು ನಿಲ್ಲೂದಿಲ್ಲ.”

ಅದೇ ದಿನ ಸಿಕಂದರಾಬಾದಿನಿಂದ ರೈಲು ಹತ್ತಿದರು. ಮೂರು ದಿನ, ಬಾವಿಯ ಹತ್ತಿರ ಪೈಪು ಇಳಿಸಿದ್ದ ಬಯಲಿನಲ್ಲಿ, ನೆರಳಿಲ್ಲದ ಕಡೆ, ಒಂದೊಂದು ಪೈಪಿನ ಮುಚ್ಚಳ ಬಿಚ್ಚಿ, ಕಡ್ಡಿ ತೂರಿಸಿ ಅಳೆದು, ನಾನು ಬರೆಸಿದ ನಂಬರು ಕೆರೆದು, ಹೊಸ ನಂಬರು ಬರೆದರಂತೆ. ಎಲ್ಲ ನೆನಪಿನ ಮೇಲೆ. ಅಲ್ಲಿಯ ಎಂಜಿನಿಯರು ಒಪ್ಪಲಿಲ್ಲ. ಸಹಿ ಇರುವ ಪಟ್ಟಿ ನಂಬೋಣವೋ, ಈ ಮುದುಕರ ತಲೆ ನಂಬೋಣವೋ ಅಂತ. ಕಾಕಾ ಅವನ ಮುಂದೆ ಬರಿಗೈಯಲ್ಲಿ ಕೂತು, ಲೆಕ್ಕವನ್ನು ಮೊದಲಿನಿಂದ ಮತ್ತೆ ಬರೆದು ತೋರಿಸಿ, ಕೆಳಗೆ ತಮ್ಮ ಹೆಸರು ಬರೆದುಕೊಟ್ಟು ಬಂದರು. ಆದರೂ ಬಾವಿ ತೆರೆಯುವ ತನಕ ಖಾತ್ರಿ ಇಲ್ಲ ಅಂತಲೇ ಎಲ್ಲರೂ ಅಂದರು.

ಬಂದಾಗ ಕೊರಳು, ಕಿವಿ ಸುಲಿದು ಕೆಂಪಾಗಿದ್ದವು. ನಾನು ಮಜ್ಜಿಗೆ ಒಯ್ದು ಕೊಟ್ಟೆ. ಕಾಲಿಗೆ ಬೀಳಲು ಹೋದರೆ, “ಚಕ್ಕುಲಿ ಬಿಲ್ಲೆ ಹೊಸಾದು ತಗೊಂಡ್ಯೋ ಇಲ್ಲೋ?” ಅಂದರು.

ಸುಲಿದ ಚರ್ಮ ವಾಸಿಯಾಯಿತು. ಉಳಿದದ್ದು ಬೇರೆ. ಕಾರ್ಖಾನೆಯಲ್ಲಿ ಹೊಸ ಲೆಕ್ಕ ಅವರ ಕೈಗೆ ಕೊಡುವುದು ಬಿಟ್ಟರು. ಆ ಸುದ್ದಿ ಕಾಕು ಕಿವಿಗೆ ಬಿತ್ತು. ಅರವತ್ತೈದು ದಾಟಿದ ಗಂಡ, ಆಗಾಗ ಕನ್ನಡಕ ಹುಡುಕುವವರು, ಈಗ ಲಾರಿಗಟ್ಟಲೆ ಪೈಪಿನ ನಂಬರು ತಪ್ಪಿದರು ಅಂದರೆ ಯಾವ ಹೆಂಡತಿ ಅಂಜುವುದಿಲ್ಲ? ಮರೆವಿನ ರೋಗ ಅಂತ ತಿಳಿದರು. ಗ್ಯಾಸ್ ಹಚ್ಚಲು ಬಿಡಲಿಲ್ಲ. ಮನೆ ಕೀಲಿಕೈ ಇಸಕೊಂಡರು. ಕಾಕು ಗುಡಿಗೋ ಸಂತೆಗೋ ಹೋಗಿದ್ದರೆ ಕಾಕಾ ಬಂದು ನಮ್ಮ ಮೆಟ್ಟಿಲ ಮೇಲೆ ಕೂಡುವರು.

“ಕೀಲಿ ಕೇಳಬಾರದೇನು ಕಾಕಾ?”

“ಆಕಿಗೆ ಹಂಗ ಸಮಾಧಾನ ಅಂದ್ರ ಹಂಗ ಇರಲಿ. ನಿನ್ನ ಚಾ ಸಿಗ್ತೈತಲ್ಲ.”

ಬಸಿಯಲ್ಲಿ ಸುರಿದು ಕುಡಿಯುವರು. ನಾನು ಒಳಗೆ ಬಂದು ದತ್ತಪ್ಪನ ಮುಂದೆ ನಿಲ್ಲುವೆ. ಬಾವಿ ಬೇಗ ತೆರೆಯಲಿ, ಇವರ ಕಣ್ಣೆದುರೇ ತೆರೆಯಲಿ ಅಂತ ಬೇಡಿಕೊಳ್ಳುವೆ. ಎರಡು ಬೇಡಿದ್ದೆ. ಒಂದು ಕೊಟ್ಟ. ಕಾರ್ತಿಕದ ಒಂದು ಮುಂಜಾನೆ ಕಾಕಾ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತವರು ಹಂಗೇ ಹೋದರು. ನರಳಲಿಲ್ಲ, ಯಾರಿಂದಲೂ ಎತ್ತಿಸಿಕೊಳ್ಳಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಒಂದೂವರೆ ಕೊಟ್ಟ ಅನ್ನಬೇಕು.

ಫೋನು ಬಂದ ಆ ಮಧ್ಯಾಹ್ನ ಹುಣಸೆಯ ಅಂಟು ಕೈ ತೊಳೆದುಕೊಂಡು ಕಾಕು ಮನೆಗೆ ನಡೆದೆ. ಅವರು ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

“ಕಾಕು, ಎಣ್ಣಿ ಬಂತಂತ. ನೀರಿಲ್ಲಂತ.”

ಕೈ ನಿಂತಿತು. “ಹಂಗಾರ ಅವರು ಕಡೀಕ ಹಾಕಿ ಬಂದ ನಂಬರು ಖರೆ?”

“ಖರೆ ಕಾಕು. ಒಂದೂ ತಪ್ಪಿಲ್ಲ.”

“ಮೊದಲು ತಪ್ಪಿದ್ರು, ಆಮ್ಯಾಲ ನೆನಪಾತು ಅಂತಾತು. ಇರಲಿ. ಅಷ್ಟರ ಆತಲ್ಲ.”

ಅಲ್ಲಿಗೇ ಬಿಟ್ಟು ಎದ್ದು ಬರಬಹುದಿತ್ತು. ಬಿಡಲಿಲ್ಲ. ಅವರ ಎದುರು ನೆಲಕ್ಕೆ ಕೂತು, ಚೀಟಿ, ಪಟ್ಟಿ, ಬಜ್ಜಿ, ಎಲ್ಲ ಹೇಳಿದೆ. ಮುಖ ಎತ್ತದೆ ಹೇಳಿದೆ.

“ಅಂದ್ರ,” ಅಂದರು ಕಾಕು, “ಆ ಬಿಸಿಲಾಗ ಸುಟ್ಟಕೊಂಡು ಬಂದಿದ್ದು ನಿನ್ನ ಸಲವಾಗಿ?”

“ಹೌದ್ರಿ.”

“ನಾ ಕೊರಳಿಗೆ ಕೊಬ್ಬರಿ ಎಣ್ಣಿ ಹಚ್ಚೋ ಮುಂದ ಒಂದೊಂದು ಬೆರಳಿಗೆ ಒಂದೊಂದು ಬೈಗಳ ಬೈದೀನಿ. ಮರಿಗುಳಿ ಮುದುಕ, ಮನ್ಯಾಗ ಬಿದ್ಕೋ ಅಂತ. ಹ್ಞೂಂ ಹ್ಞೂಂ ಅಂದ್ರು. ನೀ ನನ್ನ ಮನಿ ಜ್ವಾಳ ತಿಂದಾಕಿ, ಒಂದು ಮಾತು ಹೇಳಬಾರದಿತ್ತೇನ?”

“ಹೇಳಬ್ಯಾಡ ಅಂತ ಅವರ ಅಂದಿದ್ರು. ನಮ್ಮವರ ಕೆಲಸ ಹೋಗ್ತಿತ್ತು ಕಾಕು.”

“ಅವರ ಮಾತು ಕೇಳಿದಿ. ನನ್ನ ನೆಪ್ಪ ಆಗಲಿಲ್ಲ ನಿನಗ.”

ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, “ಅಂದ್ರ ತಲಿ ಸರಿ ಇತ್ತು? ಕಡೀತನಕ ಸರಿ ಇತ್ತು? ನನ್ನ ಹೆಸರು, ಮಕ್ಕಳ ಹೆಸರು, ಎಲ್ಲಾ ನೆಪ್ಪಿತ್ತು ಅವರಿಗೆ?” ಅಂತ ಕೇಳಿದರು.

“ಅಷ್ಟು ಪೈಪಿನ ನಂಬರು ನೆಪ್ಪಿದ್ದವರಿಗೆ ನಿಮ್ಮ ಹೆಸರು ಮರೀತಿತ್ತೇನ್ರಿ?”

ಕಾಕು ಅತ್ತರು, ಅಳುತ್ತಲೇ ಎದ್ದರು. ತೊಡೆಯ ಮೇಲಿನ ಮೆಂತ್ಯ ಎಲ್ಲ ಚೆಲ್ಲಿತು. ಕಟಾಂಜನದ ಕಂಬಿ ಹಿಡಿದು ಎದುರುಮನೆಯ ತೆಲುಗು ಹೆಂಗಸನ್ನು ಕೂಗಿ ಕರೆದರು. “ವದಿನಾ! ಮಾ ಆಯನ ಬುರ್ರ ಬಾಗಾನೇ ಉಂಡಿಂದಂಟ!” ಅತ್ತಿಗೆ, ನಮ್ಮ ಯಜಮಾನರ ತಲೆ ಚೆನ್ನಾಗೇ ಇತ್ತಂತೆ ಅಂತ. ಆ ಹೆಂಗಸಿಗೆ ಏನೂ ತಿಳಿಯಲಿಲ್ಲ. ತಿಳಿಯದೆಯೇ, “ಮಂಚಿದಿ ವದಿನಾ, ಮಂಚಿದಿ,” ಒಳ್ಳೇದಾಯ್ತು ಅಂದಳು. ಕಾಕು ಇನ್ನೊಂದು ಮನೆಯವರನ್ನೂ ಕರೆದು ಹೇಳಿದರು. ಕಾಕಾ ಅಂದಿದ್ದು ಖರೆ, ಆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ನಾನು ಚೆಲ್ಲಿದ ಸೊಪ್ಪು ಬಳಿದು ಬುಟ್ಟಿಗೆ ಹಾಕಿಟ್ಟೆ. ಹೊರಡುವಾಗ ಕಾಕು ಬಾಗಿಲ ತನಕ ಬಂದರು. ಕ್ಷಮಿಸಿದೆ ಅನ್ನಲಿಲ್ಲ. “ಬೈದದ್ದು ಬೈದಂಗ ಉಳೀತಲ್ಲ, ಅದನ್ನೇನು ಮಾಡ್ಲಿ,” ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. “ಗುರುವಾರ ಆರತಿಗೆ ಬರ್ತೀನಿ, ಜಾಗಾ ಹಿಡಿ,” ಅಂದರು. ನನಗೆ ಅಷ್ಟು ಸಾಕಾಗಿತ್ತು. ಓಣಿಯಲ್ಲಿ ನಡೆಯುವಾಗ ಎಷ್ಟೋ ತಿಂಗಳ ಮೇಲೆ ನನ್ನ ಉಸಿರು ಹೊಟ್ಟೆಯ ತಳದ ತನಕ ಇಳಿದು ಬಂತು.

ಮನೆ ಮುಟ್ಟುವಾಗ ಗಾಳಿ ಎದ್ದು ಧೂಳು ಶುರುವಾಗಿತ್ತು. ಮಾಳಿಗೆ ಮೇಲೆ ಬೆಳಗ್ಗೆ ಒಣಹಾಕಿದ ಅರಿವೆ ಹಂಗೇ ಇದ್ದವು. ಹತ್ತಿ ಹೋಗಿ, ಚಿಮಟಿಗೆ ಬಿಚ್ಚಿ, ಒಂದೊಂದೇ ಝಾಡಿಸಿ ಹೆಗಲಿಗೆ ಹಾಕಿಕೊಳ್ಳತೊಡಗಿದೆ.